ಹಸಿರು ಕೋಟಿನ ಚಿಂದಿಹಾಸು

ನಲವತ್ತು ವರ್ಷ ಇದ್ದ ಮನೆಯ ಮುಂಬಾಗಿಲನ್ನು ಮೇವಿಸ್ ಬ್ರಿಯರ್ಲಿ ದಾಟಿದ್ದು ಆವತ್ತೇ ಮೊದಲು. ಆ ಬಾಗಿಲಿನ ಹಿತ್ತಾಳೆ ಹಿಡಿಯನ್ನು ದಿನಾ ಬೆಳಿಗ್ಗೆ ತಿಕ್ಕಿ ಹೊಳೆಯಿಸಿದವಳು ಅವಳೇ. ಕಲ್ಲಿನ ಮೆಟ್ಟಿಲನ್ನು ಮಂಡಿಯೂರಿ ಉಜ್ಜಿದವಳೂ ಅವಳೇ. ಉಜ್ಜಿ ಮುಗಿಸಿ, ಬಕೆಟ್ಟು ಎತ್ತಿಕೊಂಡು, ಮನೆಯನ್ನು ಒಂದು ಸುತ್ತು ಹಾಕಿ ಹಿತ್ತಲಿನಿಂದ ಒಳಗೆ ಹೋಗುತ್ತಿದ್ದಳು. ಈಗ ಅದೇ ಮೆಟ್ಟಿಲ ಮೇಲೆ ಟಿಕೆಟ್ಟು ಹಿಡಿದು ನಿಂತಿದ್ದಾಳೆ. ಕಾಲು ಮುಂದಕ್ಕೆ ಬರುತ್ತಿಲ್ಲ.

"ಏನ್ ನೋಡ್ತಾ ನಿಂತೆ? ಬಾಗಿಲೇನು ಕಚ್ಚಲ್ಲ ಕಣೇ," ಎಂದಳು ಜೊತೆಗೆ ಬಂದಿದ್ದ ಐವಿ ಟ್ಯಾಟರ್ಸಾಲ್.

"ಹಿತ್ತಲ ಕಡೆಯಿಂದ ಹೋಗೋಣ್ವಾ ಐವಿ?"

"ಹಿತ್ತಲಲ್ಲಿ ಈಗ ಕಕ್ಕಸು ಕಟ್ಸಿದಾರಂತೆ. ಹಾಗೆ ಹೋದ್ರೆ ಮನೆ ಬದ್ಲು ಅದನ್ನೇ ನೋಡ್ಕೊಂಡ್ ಬರ್ಬೇಕು. ನಡಿ ನಡಿ."

ಹ್ಯಾಡನ್‌ಷಾ ಲಂಕಾಷೈರಿನ ಹಳೆಯ ಹತ್ತಿಗಿರಣಿಯ ಊರು. ಐವಿಯೂ ಮೇವಿಸ್ಸೂ ಹುಡುಗಿಯರಾಗಿದ್ದಾಗ ಒಂದೇ ಗಿರಣಿಯಲ್ಲಿ ನೂಲು ತೆಗೆದವರು. ಈಗ ಕೌನ್ಸಿಲ್ಲಿನವರು ಮುದುಕರಿಗೆಂದು ಕಟ್ಟಿಸಿದ ಫ್ಲ್ಯಾಟುಗಳಲ್ಲಿ ಅಕ್ಕಪಕ್ಕ ಇದ್ದಾರೆ. ಯಂತ್ರಗಳ ಗದ್ದಲದಲ್ಲಿ ಕೂಗಿ ಕೂಗಿ ಐವಿಯ ಗಂಟಲು ದೊಡ್ಡದಾಗಿತ್ತು. ಅದೇ ಗದ್ದಲದಲ್ಲಿ ಮೇವಿಸ್ ಮಾತ್ರ ಸುಮ್ಮನಿರುವುದನ್ನು ಕಲಿತಿದ್ದಳು.

ಗುಡ್ಡದ ಮೇಲೆ, ಗಿರಣಿಯ ಹೊಗೆ ತಲುಪದಷ್ಟು ಎತ್ತರದಲ್ಲಿ, ಗಿರಣಿಯ ಯಜಮಾನ ಕ್ರಾಬ್‌ಟ್ರೀ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಕಟ್ಟಿಸಿದ ಮನೆ ಥಾರ್ಪ್‌ಲೀ ಹೌಸ್. ಗಿರಣಿ ಮುಳುಗಿತು, ವಂಶವೂ ಕರಗಿತು, ಕೊನೆಗೆ ಉಳಿದವಳು ಮದುವೆಯಾಗದ ಮಿಸ್ ಅರ್ಸುಲಾ ಕ್ರಾಬ್‌ಟ್ರೀ ಒಬ್ಬಳೇ. ಅವಳಿಗೆ ಅಡಿಗೆ ಮಾಡಿ, ಒಲೆ ಹೊತ್ತಿಸಿ, ಕೊನೆಕೊನೆಗೆ ಸ್ನಾನ ಮಾಡಿಸಿ, ಬಾಯಿಗೆ ಗಂಜಿ ಇಟ್ಟವಳು ಮೇವಿಸ್. ಮಿಸ್ ಕ್ರಾಬ್‌ಟ್ರೀ ಅವಳನ್ನು ಕರೆಯುತ್ತಿದ್ದದ್ದು, ಆಳುಗಳನ್ನು ಕರೆಯುವ ಹಾಗೆ ಬರೀ ಮನೆತನದ ಹೆಸರಿನಿಂದ, 'ಬ್ರಿಯರ್ಲಿ' ಎಂದು. ಸಾಯುವ ಹಿಂದಿನ ದಿನವೂ ಅವಳ ಕೈ ಹಿಡಿದುಕೊಂಡು "ಥ್ಯಾಂಕ್ಯೂ ಬ್ರಿಯರ್ಲಿ" ಅಂದಳಂತೆ. ಮೇವಿಸ್ ಅದನ್ನು ದೊಡ್ಡ ಬಹುಮಾನದ ಹಾಗೆ ಹೇಳಿಕೊಳ್ಳುತ್ತಾಳೆ. ಅದಕ್ಕೆ ಐವಿ, "ನಲವತ್ತು ವರ್ಷಕ್ಕೆ ಒಂದು ಥ್ಯಾಂಕ್ಯೂ. ಸತ್ತಿದ್ದು ಒಳ್ಳೇದಾಯ್ತು, ಇಲ್ದಿದ್ರೆ ಇನ್ನೊಂದಕ್ಕೆ ಇನ್ನೂ ನಲವತ್ತು ವರ್ಷ ಕಾಯ್ಬೇಕಾಗಿತ್ತು," ಅನ್ನುತ್ತಾಳೆ.

ಮಿಸ್ ಕ್ರಾಬ್‌ಟ್ರೀ ಮನೆಯನ್ನೂ 'ಮನೆಯೊಳಗಿನ ಸಮಸ್ತ ವಸ್ತುಗಳನ್ನೂ' ಹಳೆಯ ಮನೆಗಳನ್ನು ಕಾಪಾಡುವ ಒಂದು ಪರಂಪರೆ ಟ್ರಸ್ಟಿಗೆ ಬರೆದಿಟ್ಟು ಹೋಗಿದ್ದಳು. ಶವಸಂಸ್ಕಾರ ಮುಗಿದ ವಾರದಲ್ಲೇ ಮೇವಿಸ್ ನೆಲಮಾಳಿಗೆಯ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದಳು. ಅವಳು ಅಲ್ಲಿ ಮಲಗಿದ್ದಾಗ ಟ್ರಸ್ಟಿನವರು ಬಂದು ಮನೆಯ ಒಂದೊಂದು ವಸ್ತುವಿಗೂ ಚೀಟಿ ಅಂಟಿಸಿದರು. ಅವಳ ಬಟ್ಟೆಬರೆ, ರೇಡಿಯೋ, ಚಪ್ಪಲಿಗಳನ್ನು ಮರ್ಯಾದೆಯಾಗಿ ಎರಡು ಚೀಲಕ್ಕೆ ತುಂಬಿ ಕಳಿಸಿದರು. ಅಟ್ಟದ ಕೋಣೆಯಲ್ಲಿ ಅವಳ ಮಂಚದ ಪಕ್ಕ ಹಾಸಿದ್ದ ಚಿಂದಿಹಾಸು ಮಾತ್ರ ಆ 'ಸಮಸ್ತ'ದೊಳಗೆ ಸೇರಿಹೋಯಿತು.

ಮೇವಿಸ್ ಈಗ ಬಂದಿರುವುದು ಅದನ್ನು ವಾಪಸ್ ಕೇಳುವುದಕ್ಕೆ. ಮನೆ ನೋಡುವುದು ನೆಪ. ಅದು ತನಗೆ ಗೊತ್ತಿಲ್ಲದ ಮನೆಯೇ?

ಚಿಂದಿಹಾಸು ಅಂದರೆ ಆ ಕಡೆಯ ಬಡವರ ರತ್ನಗಂಬಳಿ. ಕೌದಿಯಂತೆ ಹೊಲಿಯುವುದಲ್ಲ. ಗೋಣಿತಟ್ಟನ್ನು ಮರದ ಚೌಕಟ್ಟಿಗೆ ಬಿಗಿದು, ಹಳೆಯ ಬಟ್ಟೆಯನ್ನು ಬೆರಳುದ್ದ ಚೂರು ಮಾಡಿ, ಮೊಳೆಯಂಥ ಒಂದು ಕಡ್ಡಿಯಿಂದ ಚುಚ್ಚಿ ಚುಚ್ಚಿ ತುಂಬುತ್ತಾರೆ. ಚಳಿಗಾಲವೆಲ್ಲ ಮನೆಮಂದಿ ಸುತ್ತ ಕೂತು ಮಾಡಿದ ಹೊಸ ಹಾಸು ಕ್ರಿಸ್‌ಮಸ್ಸಿನ ದಿನ ಅಗ್ಗಿಷ್ಟಿಕೆಯ ಮುಂದೆ ಬೀಳಬೇಕು. ಹೋದ ವರ್ಷದ್ದು ಅಡಿಗೆಮನೆಗೆ ಇಳಿಯುತ್ತದೆ, ಅದರ ಹಿಂದಿನದು ಹಿತ್ತಲ ಬಾಗಿಲಿಗೆ, ಅದಕ್ಕೂ ಹಿಂದಿನದು ಕಲ್ಲಿದ್ದಲ ಗೂಡಿಗೆ. ಅಲ್ಲಿಗೆ ಅದರ ಆಯಸ್ಸು ಮುಗಿಯಿತು. ಯಾವ ಮನೆಯಲ್ಲೂ ಈ ಕ್ರಮ ತಪ್ಪುತ್ತಿರಲಿಲ್ಲ.

ಬ್ರಿಯರ್ಲಿಯವರ ಮನೆಯಲ್ಲಿ ಒಂದೇ ಒಂದು ಹಾಸು ತಪ್ಪಿಸಿಕೊಂಡಿತು. ಮೇವಿಸ್ಸಿನ ಅಣ್ಣ ಕ್ಲಿಫರ್ಡ್ ಓಣಿಗೆಲ್ಲ ಒಬ್ಬನೇ ಪರೀಕ್ಷೆ ಪಾಸುಮಾಡಿ ದೊಡ್ಡ ಶಾಲೆಗೆ ಸೇರಿದ ಹುಡುಗ. ಆ ಶಾಲೆಯ ಹಸಿರು ಕೋಟನ್ನು ಹೊಂದಿಸುವುದಕ್ಕೆ ಅಪ್ಪ ಒಂದು ವರ್ಷ ಬಿಯರು ಕುಡಿಯುವುದನ್ನೇ ಬಿಟ್ಟಿದ್ದ. ಕ್ಲಿಫರ್ಡ್ ಅದನ್ನು ಹಾಕಿಕೊಂಡು ಓಣಿಯಲ್ಲಿ ಬಂದರೆ ಹೆಂಗಸರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರಂತೆ. ಮುಂದಿನ ಬೇಸಿಗೆ ರಜೆಯಲ್ಲಿ ಪೋಲಿಯೋ ಬಂತು. ಸೋಮವಾರ ಕತ್ತು ನೋವು ಅಂದವನು ಆ ವಾರ ದಾಟಲಿಲ್ಲ. ಸೋಂಕು ಹರಡೀತೆಂಬ ಹೆದರಿಕೆಗೆ ಅವನ ಹಾಸಿಗೆ, ಬಟ್ಟೆ, ಪುಸ್ತಕ, ಮರದ ದೋಣಿ ಎಲ್ಲವನ್ನೂ ಹಿತ್ತಲಲ್ಲಿ ಹಾಕಿ ಸುಟ್ಟರು. ಹೆಂಗಸರು ಈಗಲೂ ಬಾಗಿಲಿಗೆ ಬಂದು ನಿಂತರು, ಎಲ್ಲ ಸರಿಯಾಗಿ ಸುಟ್ಟಿತೋ ಇಲ್ಲವೋ ನೋಡಲು. ಉಳಿದದ್ದು ಹಸಿರು ಕೋಟು ಒಂದೇ. ಅದು ತೋಳು ಉದ್ದ ಮಾಡಿಸುವುದಕ್ಕೆ ಅತ್ತೆಯ ಮನೆಗೆ ಹೋಗಿತ್ತು.

ಅಮ್ಮನಿಗೆ ಅದನ್ನು ಸುಡಲೂ ಆಗಲಿಲ್ಲ, ಗೂಟದ ಮೇಲೆ ನೇತಾಡುವುದನ್ನು ನೋಡಲೂ ಆಗಲಿಲ್ಲ. ಆ ಚಳಿಗಾಲ ಕತ್ತರಿ ತೆಗೆದುಕೊಂಡು ಚೂರು ಮಾಡಿದಳು. ಏಳು ವರ್ಷದ ಮೇವಿಸ್ ಎದುರು ಕೂತು ಚೂರುಗಳನ್ನು ಒಂದೊಂದಾಗಿ ಕೈಗೆ ಕೊಟ್ಟಳು. ಅಂಚಿಗೆ ಅಪ್ಪನ ಹಳೆ ಕಂದು ಜಾಕೀಟು, ನಡುವೆ ಅಜ್ಜಿಯ ಕೆಂಪು ಲಂಗ, ಆ ಕೆಂಪಿನ ಸುತ್ತ ಒಂದು ಗೇಣು ಅಗಲ ಕ್ಲಿಫರ್ಡ್. ಅಮ್ಮ ಅಳಲಿಲ್ಲ. ಅವಳು ಚುಚ್ಚಿದ ರಭಸಕ್ಕೆ ಗೋಣಿ ಎರಡು ಕಡೆ ಹರಿಯಿತು, ಅಷ್ಟೆ. ಆ ಹಾಸು ಅಗ್ಗಿಷ್ಟಿಕೆಯ ಮುಂದಿನಿಂದ ಎಂದೂ ಕೆಳಗಿಳಿಯಲಿಲ್ಲ. ಯಾರೂ ಹಸಿರಿನ ಮೇಲೆ ಕಾಲಿಡುತ್ತಿರಲಿಲ್ಲ. ಹೇಳಿಕೊಟ್ಟು ಬಂದದ್ದಲ್ಲ ಅದು, ತಾನಾಗಿ ಬಂತು. ಅಪ್ಪ ಅಮ್ಮ ಹೋದ ಮೇಲೆ, ಓಣಿಯನ್ನೇ ಕೆಡವಿದ ಮೇಲೆ, ಮೇವಿಸ್ ಅದೊಂದನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಗುಡ್ಡ ಹತ್ತಿ ಮಿಸ್ ಕ್ರಾಬ್‌ಟ್ರೀಯ ಮನೆಗೆಲಸಕ್ಕೆ ಬಂದಿದ್ದಳು.

ಆಸ್ಪತ್ರೆಯಿಂದ ಬಂದ ದಿನವೇ ಟ್ರಸ್ಟಿಗೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಮೇವಿಸ್ ಕೇಳುವವಳಲ್ಲ. 'ಪಾಪ, ಅವರಿಗೂ ಸಾವಿರ ಕೆಲಸ, ನಾನೊಬ್ಬಳು ಯಾಕೆ ಗಲಾಟೆ ಮಾಡಲಿ' ಎಂದು ಎರಡು ವರ್ಷ ಕಳೆದಳು. ಅತ್ತರೆ ತಾನೇ ಮಗುವಿಗೆ ಹಾಲು? ಇವಳು ತೊಟ್ಟಿಲಿನಲ್ಲೇ 'ಸದ್ಯಕ್ಕೆ ಬೇಡ' ಅಂದಿರಬೇಕು. ಮನೆ ಮ್ಯೂಸಿಯಂ ಆಗಿ ಬಾಗಿಲು ತೆರೆದಿದೆ ಎಂದು ತಿಳಿದ ಮೇಲೆ ಐವಿಯೇ ಕೋಟು ತೊಡಿಸಿ ಎಳೆದುಕೊಂಡು ಬಂದಳು.

ಒಳಗೆ ದೊಡ್ಡ ಹಜಾರದಲ್ಲಿ ಹತ್ತಾರು ಜನ ಸೇರಿದ್ದರು. ಮನೆ ತೋರಿಸುವವನು ಹೆರಾಲ್ಡ್, ಊರಿನ ಹಳೆಯ ಅಂಚೆಯವನು, ಈಗ ಪುಕ್ಕಟೆ ಸೇವೆಗೆ ಬರುತ್ತಾನೆ. ಕಪ್ಪು ವೇಸ್ಟ್‌ಕೋಟು ತೊಟ್ಟು ಬಟ್ಲರನ ವೇಷದಲ್ಲಿದ್ದ. ಮೇವಿಸ್ಸನ್ನು ಕಂಡು ಕಣ್ಣು ಹೊಡೆದ.

"ಬಾ ಚಿನ್ನ, ಮುಂದೆ ಬಾ. ಕಾಲೊರ್ಸ್ಕೊಂಡ್ಯಾ?"

"ಅವ್ಳು ಒರೆಸಿದ್ ನೆಲದ ಮೇಲೆ ನೀನು ನಿಂತಿರೋದು, ನೀನು ಮೊದ್ಲು ಒರೆಸ್ಕೋ," ಎಂದಳು ಐವಿ. ಆ ಊರಿನಲ್ಲಿ ಬಸ್ಸಿನ ಡ್ರೈವರಿನಿಂದ ಹಿಡಿದು ಗೋರಿ ತೋಡುವವನ ತನಕ ಎಲ್ಲರಿಗೂ ಎಲ್ಲರೂ 'ಚಿನ್ನ'. ಹಾಗೆಂದು ಯಾರೂ ಯಾರಿಗೂ ಸೋಲುವುದಿಲ್ಲ.

ದಿವಾನಖಾನೆಯಲ್ಲಿ ಎಡ್ವಿನ್ ಕ್ರಾಬ್‌ಟ್ರೀ ಇದ್ದ. ಮೊದಲ ಯಜಮಾನನ ಮಗ, ಆರು ವರ್ಷಕ್ಕೆ ಜ್ವರದಲ್ಲಿ ತೀರಿಕೊಂಡವನು, ಈಗ ಇಟಲಿಯ ಅಮೃತಶಿಲೆಯಲ್ಲಿ ಕೆತ್ತಿದ ಮುಖ. ಪಕ್ಕದ ಗಾಜಿನ ಗೂಡಿನಲ್ಲಿ ಅವನ ಕೂದಲನ್ನು ಹೆಣೆದು ಸೇರಿಸಿದ ಪದಕ, ಅವನ ಮರಗುದುರೆ, ಹಾಲುಹಲ್ಲು. ಹೆರಾಲ್ಡ್ ದನಿ ತಗ್ಗಿಸಿ, ತಾಯಿ ಮೂರು ವರ್ಷ ಕಪ್ಪು ಬಟ್ಟೆ ಬಿಡಲಿಲ್ಲ ಎಂದು ಹೇಳಿದ. ಜನ "ಅಯ್ಯೋ ಪಾಪ" ಎಂದರು. ಒಬ್ಬಾಕೆ ಕಣ್ಣೊರೆಸಿಕೊಂಡಳು.

ಮೇವಿಸ್ ನಲವತ್ತು ವರ್ಷ ಆ ಹುಡುಗನ ಮೂಗಿನ ಧೂಳು ಒರೆಸಿದ್ದಳು. ಒಂದು ದಿನವೂ ಹೊಟ್ಟೆಕಿಚ್ಚು ಪಟ್ಟಿರಲಿಲ್ಲ. ಆವತ್ತು ಪಟ್ಟಳು. ಉಳ್ಳವರ ಮಗ ಸತ್ತರೆ ಕಲ್ಲಾಗಿ ಉಳಿಯುತ್ತಾನೆ, ನೂರೈವತ್ತು ವರ್ಷದ ಮೇಲೂ ಗುರುತಿಲ್ಲದವರು ಅಳುತ್ತಾರೆ. ಇಲ್ಲದವರ ಮಗನನ್ನು ಅವತ್ತೇ ಹಿತ್ತಲಲ್ಲಿ ಸುಟ್ಟು ಕೈ ತೊಳೆದುಕೊಳ್ಳುತ್ತಾರೆ.

ಅಟ್ಟದ ಮೆಟ್ಟಿಲು ಹತ್ತುವಾಗ ಐವಿ ಅವಳ ಮೊಣಕೈ ಹಿಡಿದಿದ್ದಳು. ಕೋಣೆಯ ಬಾಗಿಲಿಗೆ 'ವಿಕ್ಟೋರಿಯನ್ ಮನೆಯಾಳಿನ ಕೋಣೆ' ಎಂಬ ಫಲಕ. ಒಳಗೆ ಮೇವಿಸ್ಸಿನ ಮಂಚವೇ ಇತ್ತು. ಅದರ ಮೇಲೆ ಅವಳು ಎಂದೂ ಹೊದೆಯದ ಒರಟು ಕಂಬಳಿ, ಪಕ್ಕದಲ್ಲಿ ಅವಳು ಎಂದೂ ನೋಡದ ನೀರಿನ ಹೂಜಿ. ಕರೆಂಟಿನ ಪ್ಲಗ್ಗನ್ನು ಹಲಗೆಯಿಂದ ಮುಚ್ಚಿದ್ದರು. ಮೊನ್ನೆ ಮೊನ್ನೆ ತನಕ ರೇಡಿಯೋ ಕೇಳುತ್ತಾ ಮಲಗುತ್ತಿದ್ದ ಅವಳನ್ನು ನೂರು ವರ್ಷ ಹಿಂದಕ್ಕೆ ಕಳಿಸಿ ಸಾಯಿಸಿಬಿಟ್ಟಿದ್ದರು. ಬಾಗಿಲಿಗೆ ಅಡ್ಡಲಾಗಿ ಕೆಂಪು ಹಗ್ಗ ಕಟ್ಟಿತ್ತು. ಹಗ್ಗದ ಆಚೆ, ಮಂಚದ ಪಕ್ಕದಲ್ಲಿ, ಚಿಂದಿಹಾಸು. ಅದರ ಚೀಟಿಯಲ್ಲಿ ಬರೆದಿತ್ತು: 'ಮಾಡಿದವರು ಯಾರೆಂದು ತಿಳಿದಿಲ್ಲ.'

"ತಿಳ್ದಿಲ್ವಂತೆ!" ಐವಿಯ ಗಂಟಲು ಗಿರಣಿಯ ಕಾಲಕ್ಕೆ ಹೋಯಿತು. "ಮಾಡಿದೋಳು ಇಲ್ಲೇ ನಿಂತಿದಾಳಲ್ರೀ! ಇದು ಇವಳದು! ಯಾರಾದ್ರೂ ದೊಡ್ಡೋರು ಇದ್ರೆ ಕರೀರಿ!"

"ಐವಿ, ಮೆಲ್ಲಗೆ ಮಾತಾಡೇ," ಎಂದು ಮೇವಿಸ್ ಅವಳ ತೋಳು ಎಳೆದಳು. ಮುಖವೆಲ್ಲ ಕೆಂಪಗಾಗಿತ್ತು.

ದೊಡ್ಡವನು ಬಂದ. ಟೋಬಿ ಫೆನ್‌ವಿಕ್, ಮ್ಯೂಸಿಯಮ್ಮಿನ ಮುಖ್ಯಸ್ಥ, ಲಂಡನ್ನಿನ ಕಡೆಯವನು, ಮೂವತ್ತೈದರ ಒಳಗಿನ ವಯಸ್ಸು. ನಿಜ ಹೇಳಬೇಕೆಂದರೆ ಒಳ್ಳೆಯ ಹುಡುಗ. ಕೆಟ್ಟವನಾಗಿದ್ದರೆ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು, ಆ ಭಾಗ್ಯವೂ ಇಲ್ಲ. ಇಬ್ಬರನ್ನೂ ಕೆಳಗೆ ಕರೆದುಕೊಂಡು ಹೋಗಿ ಕೂರಿಸಿ ಟೀ ತರಿಸಿದ. ಟೀ ಅಂಗಡಿ ಮಾಡಿದ್ದು ಅವಳ ಅಡಿಗೆಮನೆಯನ್ನೇ. ತಾನು ಬ್ರೆಡ್ಡು ಬೇಯಿಸಿದ ಒಲೆಯ ಎದುರಿಗೆ ಅತಿಥಿಯಾಗಿ ಕೂತು, ಬೇರೆಯವರು ಮಾಡಿದ, ಸ್ಕೋನ್ ಎಂಬ ಗಟ್ಟಿ ಬನ್ನನ್ನು ಮೇವಿಸ್ ಮುರಿದಳು.

ಟೋಬಿ ಕೇಳಿದ, ಅವಳು ಹೇಳಿದಳು. ಐವಿಗೂ ಅಷ್ಟು ವಿವರವಾಗಿ ಎಂದೂ ಹೇಳಿರಲಿಲ್ಲ. ಕೋಟು, ಪೋಲಿಯೋ, ಹಿತ್ತಲ ಬೆಂಕಿ, ಅಮ್ಮನ ಕತ್ತರಿ. ಅವಳ ಅನುಮತಿ ಪಡೆದು ಟೋಬಿ ಎಲ್ಲವನ್ನೂ ಫೋನಿನಲ್ಲಿ ಧ್ವನಿಮುದ್ರಣ ಮಾಡಿಕೊಂಡ. ಅವನ ಕಣ್ಣು ತುಂಬಿತ್ತು. ಅಷ್ಟು ಹೊತ್ತಿಗೆ ಐವಿ ಆ ಹಿತ್ತಲ ಕಕ್ಕಸಿಗೆ ಎದ್ದು ಹೋದಳು. ಗ್ರಹಚಾರ ಅಂದರೆ ಅದೇ.

ಇಲ್ಲಿ ಆ ಊರಿನ ಒಂದು ನಡವಳಿಕೆಯನ್ನು ಹೇಳಲೇಬೇಕು. ಹ್ಯಾಡನ್‌ಷಾದಲ್ಲಿ ಏನನ್ನು ಕೊಟ್ಟರೂ ಮೊದಲ ಸಲ 'ಬೇಡ' ಅನ್ನಬೇಕು. ಟೀ ಕುಡೀತೀರಾ ಅಂದರೆ ಈಗ ತಾನೇ ಕುಡಿದೆ ಅನ್ನಬೇಕು, ನಾಲಿಗೆ ಒಣಗಿದ್ದರೂ ಸರಿ. ಅರ್ಧ ಕಪ್ಪಾದರೂ ಅಂದರೆ ನಿಮಗ್ಯಾಕೆ ತೊಂದರೆ ಅನ್ನಬೇಕು. ಮೂರನೆಯ ಸಲಕ್ಕೆ, ನೀವಿಷ್ಟು ಹೇಳುವಾಗ ಎಂದು ತೆಗೆದುಕೊಳ್ಳಬೇಕು. ಮೊದಲ ಮಾತಿಗೇ ಕೈ ಚಾಚಿದವರನ್ನು ಆಸೆಬುರುಕರು ಅನ್ನುತ್ತಾರೆ. ಮೂರು ಸಲ ಕೇಳದವರನ್ನು ಇನ್ನೂ ಕೆಟ್ಟದಾಗಿ ಏನೋ ಅನ್ನುತ್ತಾರೆ. ಕೊಡುವವನಿಗೂ ತೆಗೆದುಕೊಳ್ಳುವವನಿಗೂ ಇದು ಗೊತ್ತಿರುವ ತನಕ ಯಾರಿಗೂ ನಷ್ಟವಿಲ್ಲ.

ಟೋಬಿ ಮುಂದಕ್ಕೆ ಬಾಗಿ, "ಮೇವಿಸ್, ಅದು ನಿಮ್ದು. ಅನುಮಾನವೇ ಇಲ್ಲ. ನಮ್ಮಿಂದ ತಪ್ಪಾಗಿದೆ. ಈಗ್ಲೇ ಸುತ್ತಿಸಿ ಕೊಡ್ಲಾ? ಇಲ್ಲ, ನಮ್ಮಲ್ಲೇ ಇರ್ಲಿ ಅಂತ ನಿಮ್ಮ ಮನಸ್ಸಿನಲ್ಲಿದ್ರೆ ಅದೂ ನಮ್ಮ ಭಾಗ್ಯ. ನೀವು ಹೇಳ್ದಂಗೆ," ಎಂದ.

ಮೇವಿಸ್ಸಿಗೆ ನಂಬಲಾಗಲಿಲ್ಲ. ಕೊಟ್ಟೇ ಬಿಟ್ಟ! ಎರಡು ವರ್ಷದ ಸಂಕಟ ಒಂದು ಮಾತಿನಲ್ಲಿ ತೀರಿತಲ್ಲ ಎಂದು ಬಟ್ಟಲನ್ನು ತಟ್ಟೆಯ ಮೇಲಿಟ್ಟಳು. ಬಾಯಿ ಮಾತ್ರ ಎಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದದ್ದನ್ನೇ ಹೇಳಿತು.

"ಅಯ್ಯೋ ಬೇಡಪ್ಪ. ನಿಮಗ್ಯಾಕೆ ಸುಮ್ನೆ ತೊಂದ್ರೆ. ಇಷ್ಟು ಚೆನ್ನಾಗಿ ಇಟ್ಕೊಂಡಿದೀರ."

ಟೋಬಿ ಎರಡೂ ಕೈಯಲ್ಲಿ ಅವಳ ಕೈ ಹಿಡಿದುಕೊಂಡ. "ನಿಮ್ಮದು ಎಂಥಾ ದೊಡ್ಡ ಮನಸ್ಸು ಮೇವಿಸ್. ಯಾರು ಕೊಡ್ತಾರೆ ಇಂಥದ್ದನ್ನ? ನಾನು ಇದನ್ನ ಮರೆಯಲ್ಲ."

ಅವಳು ಕಾದಳು. ಈಗ ಕೇಳುತ್ತಾನೆ, 'ನಿಜವಾಗ್ಲೂ ಬೇಡ್ವಾ?' ಅನ್ನುತ್ತಾನೆ ಎಂದು ಅವನ ಮುಖವನ್ನೇ ನೋಡುತ್ತಾ ಕೂತಳು. ಟೋಬಿ ಕೇಳಿದ. ಇನ್ನೊಂದು ಸ್ಕೋನು ತಗೊಳ್ಳಿ ಎಂದು ಕೇಳಿದ. ಅದನ್ನು ಬೇಕಾದರೆ ಎರಡು ಸಲ ಕೇಳಿದ.

ಬಸ್ಸಿನಲ್ಲಿ ಐವಿ ಹಣೆ ಚಚ್ಚಿಕೊಂಡಳು. "ಬೇಡ ಅಂದ್ಯಾ? ಅದನ್ನ ಬೇಡ ಅಂದ್ಯಾ? ನಿನ್ ಬಾಯಿಗಿಷ್ಟು ಬೂದಿ ಹಾಕ!"

"ಒಂದ್ಸಲ ಅಂದೆ ಅಷ್ಟೇ ಕಣೆ. ಇನ್ನೊಂದ್ಸಲ ಕೇಳ್ತಾನೆ ಅನ್ಕೊಂಡೆ."

"ಅವ್ನು ಲಂಡನ್ನಿನೋನು ಕಣೇ! ಅಲ್ಲಿ ಬೇಡ ಅಂದ್ರೆ ಬೇಡ, ಬೇಕು ಅಂದ್ರೆ ಬೇಕು. ಅಲ್ಲಿ ಟೀ ಬೇಡ ಅಂದು ಉಪವಾಸ ಸತ್ತೋರು ಎಷ್ಟು ಜನ ಇದಾರೋ!"

"ಹೆಂಗೆ ಐವಿ, ಕೊಟ್ಟ ತಕ್ಷಣ ಕೈ ಚಾಚೋದು? ಅಮ್ಮ ಇದ್ದಿದ್ರೆ ಏನಂತಿದ್ಳು?"

"ನಿಮ್ಮಮ್ಮ ಇದ್ದಿದ್ರೆ ಅದನ್ನ ಬಗಲಲ್ಲಿ ಇಟ್ಕೊಂಡು ಈ ಬಸ್ಸಲ್ಲಿ ಕೂತಿರೋಳು," ಎಂದು ಐವಿ ಮುಖ ತಿರುಗಿಸಿಕೊಂಡಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೇವಿಸ್ ನಿದ್ದೆಗೆಟ್ಟಳು. ಕ್ಲಿಫರ್ಡನನ್ನು ಮೊದಲ ಸಲ ಕಳೆದುಕೊಂಡಾಗ ಅವಳು ಚಿಕ್ಕವಳು, ಯಾರದೂ ತಪ್ಪಲ್ಲ. ಈಗ ಕಳೆದದ್ದು ತನ್ನ ಬಾಯಿಯಿಂದಲೇ. ವಾಪಸ್ ಹೋಗಿ ಕೇಳಲು ಧೈರ್ಯ ಬರುವುದಕ್ಕೆ ಒಂದು ತಿಂಗಳು ಹಿಡಿಯಿತು. ಕನ್ನಡಿಯ ಮುಂದೆ ನಿಂತು ಒಂದು ವಾಕ್ಯವನ್ನು ಅಭ್ಯಾಸ ಮಾಡಿದಳು. 'ನನಗೆ ಅದು ಬೇಕು.' ತನ್ನ ಆಯಸ್ಸಿನಲ್ಲಿ 'ಬೇಕು' ಎಂಬ ಮಾತನ್ನು ಇಷ್ಟು ಸೀದಾ ಯಾರಿಗೂ ಅಂದ ನೆನಪು ಅವಳಿಗಿರಲಿಲ್ಲ.

ಮತ್ತೆ ಗುಡ್ಡ ಹತ್ತಿ ಟೋಬಿಯ ಮೇಜಿನ ಮುಂದೆ ನಿಂತು, ಕೂರಿ ಅಂದರೂ ಕೂರದೆ, ಅದನ್ನು ಹೇಳಿಯೂ ಬಿಟ್ಟಳು. "ನನಗೆ ಅದು ಬೇಕು. ಅದು ಹಾಸಲ್ಲ ಮಿಸ್ಟರ್ ಫೆನ್‌ವಿಕ್, ಅದು ನಮ್ಮಣ್ಣ."

ಟೋಬಿಯ ಮುಖ ಬಿಳಿಚಿಕೊಂಡಿತು. ಎದ್ದ, ಕೂತ, ಮತ್ತೆ ಎದ್ದ. "ಮೇವಿಸ್, ನೀವು ಕೊಟ್ಟಿದೀರಿ ಅಂತ ಅವತ್ತೇ ಟ್ರಸ್ಟಿನ ಸಭೆಗೆ ಹೇಳ್ಬಿಟ್ಟೆ. ಅವ್ರು ಒಪ್ಕೊಂಡೂ ಆಯ್ತು. ಒಂದ್ಸಲ ಟ್ರಸ್ಟಿಗೆ ಸೇರಿದ್ಮೇಲೆ ಹೊರಗೆ ಕೊಡೋಕೆ ನನಗಲ್ಲ, ಯಾರಿಗೂ ಅಧಿಕಾರ ಇಲ್ಲ. ನಾನು ಕೇಳಿ ನೋಡ್ತೀನಿ. ಖಂಡಿತ ಕೇಳ್ತೀನಿ."

ಕೇಳಿದ. ಅವನು ಮಾತಿಗೆ ತಪ್ಪುವವನಲ್ಲ. ಟ್ರಸ್ಟಿನ ದೊಡ್ಡವರು ಸಭೆ ಸೇರಿ, ಬಹಳ ವಿಷಾದಪಟ್ಟು, ಆಗುವುದಿಲ್ಲ ಎಂದರು. ಕಾರಣವನ್ನು ಹೇಳುವುದಕ್ಕೆ ಟೋಬಿ ಅವಳ ಫ್ಲ್ಯಾಟಿಗೇ ಬಂದ. ಬರುವಾಗ ಹೂವು ತಂದಿದ್ದ.

"ನಿಜ ಹೇಳ್ತೀನಿ ಮೇವಿಸ್. ನೀವು ಬರೋ ಮೊದ್ಲು ಅದು ಯಾರದೋ ಹಳೇ ಹಾಸು. ಹುಳ ಬೇರೆ ಬಿದ್ದಿತ್ತು. ಬಿಸಾಕಿ ಬೇರೇದು ಹಾಕೋಣ ಅಂತಿದ್ವಿ. ಈಗ ಯಾರು ಮಾಡಿದ್ದು, ಯಾರ ಕೋಟು, ಎಲ್ಲಾ ಗೊತ್ತು. ಬೆಳ್ಳಿ, ಅಮೃತಶಿಲೆ ಎಲ್ಲಾ ಮನೇಲೂ ಇರತ್ತೆ. ಇಂಥದ್ದು ಎಲ್ಲೂ ಇಲ್ಲ. ಇಡೀ ಮನೇಲಿ ಬೆಲೆ ಇರೋ ವಸ್ತು ಅಂದ್ರೆ ಈಗ ಅದೇ."

ಮೇವಿಸ್ಸಿಗೆ ಅರ್ಥವಾಯಿತು. ಸುಮ್ಮನೆ ಇದ್ದಿದ್ದರೆ ಕಸದ ತೊಟ್ಟಿಯಿಂದಲಾದರೂ ಎತ್ತಿಕೊಂಡು ಬರಬಹುದಿತ್ತು. ಜೀವಮಾನವೆಲ್ಲ ಬಾಯಿ ಮುಚ್ಚಿಕೊಂಡಿದ್ದವಳು ಒಮ್ಮೆ ಬಾಯಿಬಿಟ್ಟು ಅಣ್ಣನ ಕತೆ ಹೇಳಿದಳು. ಆ ಕತೆಯೇ ಅಣ್ಣನನ್ನು ತೆಗೆದುಕೊಂಡು ಹೋಯಿತು. ಇಷ್ಟಾದ ಮೇಲೂ ಅವಳು ಟೋಬಿಗೆ ಟೀ ಮಾಡಿಕೊಟ್ಟಳು. ಅವನು ಮೊದಲ ಸಲಕ್ಕೇ ಹೂಂ ಅಂದ.

ವಸಂತದಲ್ಲಿ ದಿವಾನಖಾನೆಯ ಹೊಸ ಪ್ರದರ್ಶನ ಶುರುವಾಯಿತು. ಎಡ್ವಿನ್ ಕ್ರಾಬ್‌ಟ್ರೀಯ ಅಮೃತಶಿಲೆಯ ಎದುರಿಗೆ, ಅದಕ್ಕಿಂತ ದೊಡ್ಡ ಗಾಜಿನ ಪೆಟ್ಟಿಗೆಯಲ್ಲಿ ಚಿಂದಿಹಾಸನ್ನು ಗೋಡೆಗೆ ನಿಲ್ಲಿಸಿದ್ದರು. ಹುಳವನ್ನು ಹಿಮಪೆಟ್ಟಿಗೆಯಲ್ಲಿಟ್ಟು ಕೊಂದು, ಹರಿದ ಗೋಣಿಯನ್ನು ಹೊಲಿಸಿ, ಒಳಗೆ ಮಂದ ದೀಪ ಹಾಕಿದ್ದರು. ಗುಂಡಿ ಒತ್ತಿದರೆ ಮೇವಿಸ್ಸಿನದೇ ದನಿ ಕ್ಲಿಫರ್ಡನ ಕತೆ ಹೇಳುತ್ತಿತ್ತು. ಕೆಳಗೆ ಫಲಕ: 'ಮೇವಿಸ್ ಬ್ರಿಯರ್ಲಿಯವರ ಉದಾರ ಕೊಡುಗೆ.' ಅವಳಿಗೆ ಮುಂದಿನ ಸಾಲಿನಲ್ಲಿ ಕುರ್ಚಿ. ಆಜೀವ ಉಚಿತ ಪ್ರವೇಶದ ಕಾರ್ಡನ್ನು ಮೇಯರ್ ಕೈಯಾರೆ ಕೊಟ್ಟ.

ಅಷ್ಟರಲ್ಲಿ ಐವಿ ಟೋಬಿಯನ್ನು ಒಂದು ಮೂಲೆಗೆ ಹಿಡಿದು ಊರಿನ ನಡವಳಿಕೆಯನ್ನು ಜಾಡಿಸಿ ಜಾಡಿಸಿ ಕಲಿಸಿದ್ದಳು. ಅವನು ಸಮಾರಂಭ ಮುಗಿದ ಮೇಲೆ ಒಂದು ಸುರುಳಿ ಹಿಡಿದುಕೊಂಡು ಬಂದ. ಮ್ಯೂಸಿಯಂ ಅಂಗಡಿಯಲ್ಲಿ ಮಾರುವುದಕ್ಕೆಂದು ಮಾಡಿಸಿದ ನಕಲು, ಕಂದು ಅಂಚು, ನಡುವೆ ಕೆಂಪು, ಸುತ್ತ ಹಸಿರು.

"ಇದು ನಿಮಗೆ ಮೇವಿಸ್."

"ಬೇಡಪ್ಪ."

"ಇಲ್ಲ ಇಲ್ಲ, ತಗೊಳ್ಳಲೇಬೇಕು."

"ನಿಜವಾಗ್ಲೂ ಬೇಡ."

"ನಾನಿಷ್ಟು ಹೇಳ್ತಿರುವಾಗ," ಎಂದು ಟೋಬಿ ಪಾಠ ಒಪ್ಪಿಸುವ ಹುಡುಗನ ಹಾಗೆ ನಕ್ಕು, ಸುರುಳಿಯನ್ನು ಅವಳ ತೋಳಿನೊಳಗೆ ತುರುಕಿ ಹೋದ.

ಗುಂಪು ಕರಗಿದ ಮೇಲೆ ಮೇವಿಸ್ ಗಾಜಿನ ಹತ್ತಿರ ಹೋಗಿ ನಿಂತಳು. ಹಸಿರು ಅವಳ ಕಣ್ಣಿನ ಮಟ್ಟಕ್ಕೆ ಇತ್ತು. ಇಷ್ಟು ಹತ್ತಿರದಿಂದ, ಹೀಗೆ ನೆಟ್ಟಗೆ ನಿಂತದ್ದನ್ನು ಅವಳು ನೋಡಿರಲಿಲ್ಲ. ಕ್ಲಿಫರ್ಡ್ ಇದ್ದಾಗ ಎಷ್ಟು ಎತ್ತರವಿದ್ದ ಎಂದು ನೆನಪು ಮಾಡಿಕೊಳ್ಳಲು ನೋಡಿದಳು, ಆಗಲಿಲ್ಲ. ಗಾಜಿಗೆ ಬೆರಳಿಟ್ಟರೆ ಕಲೆಯಾಗುತ್ತದೆ, ಒರೆಸುವವರಿಗೆ ಕೆಲಸವಾಗುತ್ತದೆ ಎಂದು ಕೈಯನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡಳು.

ಪಕ್ಕಕ್ಕೆ ಒಬ್ಬ ಹೆಂಗಸು ಬಂದಳು, ಬೇರೆ ಊರಿನವಳು, ಜೊತೆಯಲ್ಲಿ ಗಂಡ. ಗುಂಡಿ ಒತ್ತಿ ಕತೆಯನ್ನು ಪೂರ್ತಿ ಕೇಳಿದಳು. ಕಣ್ಣೊರೆಸಿಕೊಂಡಳು. ಆಮೇಲೆ ಬಗ್ಗಿ ಫಲಕವನ್ನು ಓದಿದಳು.

"ಕೊಡುಗೆಯಂತೆ ನೋಡ್ರೀ," ಎಂದಳು ಗಂಡನಿಗೆ. "ಸತ್ತ ಅಣ್ಣನದು ಅಂತ ಉಳ್ದಿದ್ದು ಇದೊಂದೇ. ಅದನ್ನೂ ಕೊಟ್ಬಿಟ್ಟಿದಾಳಲ್ಲ. ನನ್ನ ಕೈಲಂತೂ ಪ್ರಾಣ ಹೋದ್ರೂ ಆಗ್ತಿರ್ಲಿಲ್ಲ. ಎಂಥಾ ಕಲ್ಲು ಮನಸ್ಸೋ ಏನೋ."

ಫಲಕದ ಕೆಳಗಿನ ಸಾಲುಗಳಿಗೆ ಮೇವಿಸ್ಸಿನ ತೋಳಿನ ಸುರುಳಿ ಅಡ್ಡವಾಗಿತ್ತು. ಆಕೆ ಕತ್ತು ಓರೆ ಮಾಡಿ ಇಣುಕಿದಳು.

"ಸಾರಿ," ಎಂದಳು ಮೇವಿಸ್. ಆಕೆಗೆ ಚೆನ್ನಾಗಿ ಕಾಣಲಿ ಎಂದು ಪಕ್ಕಕ್ಕೆ ಸರಿದು ನಿಂತಳು.